ಗುಡಿಸಬಾರದ ಬೂದಿಯ ವಿಚಾರವಾಗಿ ವಿಶೇಷಾಧಿಕಾರಿಗಳಿಗೆ

ಮಾನ್ಯರೇ, ಮಹಾಮಾನ್ಯರೇ, ಮಗುಚಿಬಿದ್ದ ವಿಮಾ ಕಂಪನಿಯನ್ನು ಎತ್ತಿ ನಿಲ್ಲಿಸಲು ಸರ್ಕಾರ ಹುಡುಕಿ ಹುಡುಕಿ ತಂದು ಕೂರಿಸಿರುವ ವಿಶೇಷಾಧಿಕಾರಿಗಳೇ,

ಮೊದಲಿಗೆ ತಮಗೊಂದು ಸಾಷ್ಟಾಂಗ ನಮಸ್ಕಾರ ಹಾಕೋಣವೆಂದಿದ್ದೆ. ಆದರೆ ನಾನು ಬಾಗಿಲಲ್ಲಿ ಕೂತು ಈ ಪತ್ರ ಬರೆಯುತ್ತಿರುವ ಅಂಗಡಿಯ ನೆಲದ ತುಂಬ ಬೂದಿ ಬಿದ್ದಿದೆ, ಆ ಬೂದಿಯನ್ನು ಒಂದು ಚಿಟಿಕೆಯೂ ಕದಲಿಸಕೂಡದೆಂದು ತಮ್ಮದೇ ಆದೇಶವಿದೆ. ಆದ್ದರಿಂದ ಹೊಸ್ತಿಲ ಮೇಲೆ ನಿಂತೇ ಕೈಮುಗಿದಿದ್ದೇನೆ, ಉದ್ದಕ್ಕೆ ಬಿದ್ದಿದ್ದೇನೆಂದು ತಾವು ಭಾವಿಸಿಕೊಳ್ಳಬೇಕು. ಆದದ್ದನ್ನು ಆಗಲಿಲ್ಲವೆಂದು ಭಾವಿಸುವುದರಲ್ಲಿ ತಮ್ಮ ಕಚೇರಿಗೆ ಇರುವ ಪಳಗಿದ ಕೈ ಜಗತ್ತಿಗೇ ಗೊತ್ತಿರುವುದರಿಂದ, ಆಗದ್ದನ್ನು ಆಯಿತೆಂದು ಭಾವಿಸುವುದು ತಮಗೇನೂ ಕಷ್ಟವಾಗಲಾರದು. ಇತ್ತ ನಾವೆಲ್ಲ ಕ್ಷೇಮ, ನಮ್ಮ ಕ್ಲೇಮೊಂದು ಮಾತ್ರ ಕ್ಷೇಮವಾಗಿಲ್ಲ.

ನಾನು ಬೋರ್ಡು ಬರೆಯುವ ಕಸುಬು ಮಾಡಿ, ಕೈ ನಡುಗಲು ಶುರುವಾದ ಮೇಲೆ ಕುಂಚ ತೊಳೆದಿಟ್ಟ ಮುದುಕ. ತಮ್ಮ ಕಂಪನಿಯ ಶಾಖೆಯ ಬಾಗಿಲ ಮೇಲೆ 'ನೀವು ನೆಮ್ಮದಿಯಾಗಿ ಮಲಗಿ, ನಾವು ಎದ್ದಿರುತ್ತೇವೆ' ಎಂದು ದಪ್ಪ ಅಕ್ಷರದಲ್ಲಿ ಬರೆದವನು ನಾನೇ. ಹೋದ ವಾರ ಹೋಗಿ ನೋಡಿಕೊಂಡು ಬಂದೆ. ಬಣ್ಣ ಎಲ್ಲೂ ಎದ್ದಿಲ್ಲ, ಮಾಸಿಲ್ಲ. ಇಡೀ ಕಂಪನಿಯಲ್ಲಿ ಇವತ್ತಿಗೂ ಗಟ್ಟಿಯಾಗಿ ಉಳಿದಿರುವುದು ಅದೊಂದೇ ಎಂದು ತಿಳಿದು, ನಿಜ ಹೇಳಬೇಕೆಂದರೆ, ಎದೆ ಉಬ್ಬಿತು.

ನನ್ನ ತಂಗಿ ಇದೇ ಬೀದಿಯಲ್ಲಿ ಹಾಸಿಗೆ ಅಂಗಡಿ ಇಟ್ಟವಳು. ಹತ್ತಿ ಹಿಂಜಿ, ಗವಸು ಹೊಲಿದು, ತುಂಬಿ, ಉದ್ದನೆಯ ಸೂಜಿಯಲ್ಲಿ ಅಲ್ಲಲ್ಲಿ ಬಿಗಿದು ಕಟ್ಟಿ, ಕೊನೆಗೆ ತಾನೇ ಒಮ್ಮೆ ಅದರ ಮೇಲೆ ಮಲಗಿ ಎದ್ದು, 'ಇಲ್ಲೊಂದು ಗಂಟು ಸಿಕ್ತು' ಎಂದು ಬಿಚ್ಚಿ ಮತ್ತೆ ಹೊಲಿಯುವ ಪೈಕಿ. ನನ್ನ ಬೋರ್ಡು ಓದಿಯೇ ಅವಳು ತಮ್ಮಲ್ಲಿ ಪಾಲಿಸಿ ಮಾಡಿಸಿದ್ದು. ಮಲಗುವುದಕ್ಕೆ ತಾನು ಹಾಸಿಗೆ ಕೊಡುತ್ತೇನೆ, ಎದ್ದಿರುವುದಕ್ಕೆ ಇವರಿದ್ದಾರೆ, ಜೋಡಿ ಸರಿಹೋಯಿತು ಎಂದಿದ್ದಳು. ವಿಮೆ ಎಂದರೆ ವಿಮುಖರಾಗುವವರ ವ್ಯಾಪಾರವೆಂದು ಆಗಲೇ ನಾನು ತಮಾಷೆ ಮಾಡಿದ್ದೆ. ನನ್ನ ತಮಾಷೆಗೆ ನಮ್ಮ ಮನೆಯಲ್ಲಿ ಯಾರೂ ಕಿವಿ ಕೊಡುವುದಿಲ್ಲ. ಈ ವಿಷಯದಲ್ಲಿ ನಮ್ಮ ಮನೆಯೂ ತಮ್ಮ ಕಚೇರಿಯೂ ಒಂದೇ.

ಕಂಪನಿ ಮಗುಚಿದ ಸುದ್ದಿ ಬಂದ ವಾರವೇ ತಂಗಿಯ ಅಂಗಡಿಗೂ ಬೆಂಕಿ ಬಿತ್ತು. ಹತ್ತಿ ಹಿಂಜುವ ಯಂತ್ರದ ಹಿಂದೆ ಇದ್ದ ಹಳೇ ವೈರೊಂದು ಕಿಡಿ ಕಾರಿತು, ಹತ್ತಿಗೆ ಅಷ್ಟು ಸಾಕು. ತಂಗಿಯೂ ಹೊಲಿಯುವ ಇಬ್ಬರು ಹೆಂಗಸರೂ ಊಟಕ್ಕೆ ಹೋಗಿದ್ದರಿಂದ ಬದುಕಿಕೊಂಡರು. ಅವರು ಕೈ ತೊಳೆದು ಬರುವಷ್ಟರಲ್ಲಿ ಹಾಸಿಗೆ, ದಿಂಬು, ಯಂತ್ರ, ಹೊಲಿಗೆ ಮಿಷನ್ನು ಎಲ್ಲವೂ ಭೇದಭಾವವಿಲ್ಲದೆ ಒಂದೇ ಬಣ್ಣಕ್ಕೆ ತಿರುಗಿದ್ದವು.

ಆಗ ಸರ್ಕಾರ ನಮಗಾಗಿ ಏನೇನು ಮಾಡಿತೆಂಬುದನ್ನು ನೆನೆದರೆ ಈಗಲೂ ಕಣ್ಣಲ್ಲಿ ನೀರು ಬರುತ್ತದೆ, ಅರ್ಧ ಹೊಗೆಯ ದೆಸೆಯಿಂದಲೂ ಇರಬಹುದು. ಮೊದಲು ಮಂತ್ರಿಗಳು ಟೀವಿಯಲ್ಲಿ ಬಂದು ಯಾರೂ ಗಾಬರಿಯಾಗಬೇಡಿ ಎಂದರು. ಅಲ್ಲಿಯವರೆಗೆ ಆರಾಮವಾಗಿ ಊಟ ಮಾಡುತ್ತಿದ್ದ ನಾವು ತಟ್ಟೆ ಬಿಟ್ಟು ಎದ್ದೆವು. ಆಮೇಲೆ ಒಂದು ಸಮಿತಿಯಾಯಿತು. ಸಮಿತಿಯಲ್ಲಿ ಮಿತಿಯೆಂಬ ಮಾತು ಇದ್ದರೂ ಅದು ಬರೀ ಅಲಂಕಾರಕ್ಕೆಂದು ಅದರ ಸದಸ್ಯರ ಸಂಖ್ಯೆ ನೋಡಿ ತಿಳಿಯಿತು. ಸಮಿತಿ ಎಲ್ಲಿ ಕೂರಬೇಕೆಂದು ತೀರ್ಮಾನಿಸಲು ಉಪಸಮಿತಿ ಕೂತಿತು, ಅದು ಎಲ್ಲಿ ಕೂತು ತೀರ್ಮಾನಿಸಿತೆಂಬುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಅದಾದ ಮೇಲೆ ಖಜಾನೆಯ ಬಾಗಿಲು ತೆರೆದು ಕಂಪನಿಗೆ ಹಣ ಸುರಿದರು. ಊರಿಗೆಲ್ಲ ವಿಮೆ ಮಾಡಿದ ಕಂಪನಿ ತನಗೊಂದು ಮಾಡಿಸಿಕೊಳ್ಳಲಿಲ್ಲವಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಅದು ಅನ್ಯಾಯದ ಮಾತು. ಅದರ ವಿಮೆ ನಾವೇ. ನಮ್ಮ ತೆರಿಗೆಯಿಂದ ಅದಕ್ಕೆ ಪರಿಹಾರ ಸಿಕ್ಕ ವೇಗ ನೋಡಿದರೆ, ನಮ್ಮಷ್ಟು ಒಳ್ಳೆಯ ವಿಮಾ ಕಂಪನಿ ಭೂಮಿಯ ಮೇಲೆ ಇನ್ನೊಂದಿಲ್ಲ.

ಕಡೆಗೆ ತಾವು ಬಂದಿರಿ. ಬಂದು ಕುರ್ಚಿ ಬಿಸಿಯಾಗುವ ಮೊದಲೇ ಆದೇಶ ಹೊರಡಿಸಿದಿರಿ. ಕಂಪನಿ ಮಗುಚಿದ ದಿನದಿಂದ ಅದು ಎದ್ದು ನಿಲ್ಲುವ ದಿನದವರೆಗೆ ಪಾಲಿಸಿದಾರರಿಗೆ ಆದ ಯಾವ ನಷ್ಟವನ್ನೂ ಸದ್ಯಕ್ಕೆ ಸಂಭವಿಸಿಲ್ಲವೆಂದು ಭಾವಿಸತಕ್ಕದ್ದು. ಹಾಗೆ ಸಂಭವಿಸದೇ ಇರುವ ನಷ್ಟದ ಜಾಗವನ್ನು ಸರ್ವೇಯರು ಬಂದು ನೋಡುವ ತನಕ ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು, ಕದಲಿಸಿದರೆ ಪರಿಹಾರದ ಹಕ್ಕು ಹೋಗತಕ್ಕದ್ದು. ಸರ್ವೇಯರುಗಳು ಮಾತ್ರ ಮುಂದಿನ ಆದೇಶದ ತನಕ ಎಲ್ಲಿಗೂ ಹೋಗತಕ್ಕದ್ದಲ್ಲ. ಕಂತನ್ನು ಎಂದಿನಂತೆ ಕಟ್ಟತಕ್ಕದ್ದು. ಕಂಪನಿಯೇ ಕಂತಿ ಹೋದರೂ ಕಂತು ಕಂತದೇ ಉಳಿದ ಈ ಪವಾಡಕ್ಕೆ ಸೂರ್ಯನೂ ತಲೆದೂಗಬೇಕು.

ಅಂದಿನಿಂದ ನಾವು ತಮ್ಮ ಬೂದಿಯ ಸೇವೆಯಲ್ಲಿದ್ದೇವೆ. ಬೆಳಗ್ಗೆ ತಂಗಿ ಶಟರ್ ಎತ್ತಿ, ಬಾಗಿಲಲ್ಲಿ ಸ್ಟೂಲು ಹಾಕಿ, ಸರ್ವೇಯರು ಬಂದಾಗ ತಾನು ಇರಬೇಕೆಂದು ಬೀದಿ ನೋಡುತ್ತ ಕೂರುತ್ತಾಳೆ. ಒಳಗೆ ಕಾಲಿಡುವಂತಿಲ್ಲ, ಬೇರೆ ಕಡೆ ಅಂಗಡಿ ಹಾಕುವಂತಿಲ್ಲ, ಇದನ್ನು ಬಿಟ್ಟು ಹೋಗುವಂತಿಲ್ಲ. ಹೊಲಿಯುವ ಹೆಂಗಸರಿಬ್ಬರೂ ದಿನಾ ಬಂದು, ಇವಳ ಮುಖ ನೋಡಿ, ಕೈಯಲ್ಲಿದ್ದ ಊಟದ ಡಬ್ಬಿಯನ್ನು ಹಾಗೇ ತಿರುಗಿಸಿಕೊಂಡು ಹೋಗುತ್ತಿದ್ದರು. ಅವರಲ್ಲಿ ಹಿರಿಯಳು ಈಗ ಬರುವುದನ್ನೂ ಬಿಟ್ಟಿದ್ದಾಳೆ. ನಾನೂ ಸುಮ್ಮನೆ ಕೂರಲಾರದೆ ಮನೆಯ ಮೂಲೆಯಲ್ಲಿದ್ದ ಕುಂಚ ತೆಗೆದು ಒಂದು ಬೋರ್ಡು ಬರೆದು ತೂಗುಹಾಕಿದೆ: 'ಇದು ಸರ್ಕಾರಿ ಬೂದಿ. ದಯವಿಟ್ಟು ಸೀನಬೇಡಿ.' ಜನ ಬಂದು ಮೂಗು ಹಿಡಿದು ಓದಿಕೊಂಡು ಹೋಗುತ್ತಾರೆ. ಯಾವ ಗುಡ್ಡೆ ಯಾವುದೆಂದು ತಿಳಿಯಲಿ ಎಂದು ಬಾಗಿಲಿಂದಲೇ ಕೋಲು ಚಾಚಿ ಗೋಡೆಗೆ ಚೀಟಿಗಳನ್ನೂ ಅಂಟಿಸಿದ್ದೇನೆ. ಇದು ಡಬಲ್ ಹಾಸಿಗೆ, ಇದು ತೊಟ್ಟಿಲ ಹಾಸಿಗೆ, ಇವು ಮದುವೆ ಮನೆಯವರು ಹೇಳಿಹೋಗಿದ್ದ ದಿಂಬುಗಳು.

ಆದರೆ ಗಾಳಿ ತಮ್ಮ ಆದೇಶ ಓದಿರಲಿಲ್ಲ. ಬೀಸಿದಾಗಲೆಲ್ಲ ನಮ್ಮ ನಷ್ಟದ ಒಂದು ಪಾಲು ಪಕ್ಕದ ಕನ್ನಡಕದಂಗಡಿಗೆ ಹೋಗಿ ಕೂರತೊಡಗಿತು. ಕನ್ನಡಕದವರು ಒಳ್ಳೆಯವರು, ಬೈಯಲಿಲ್ಲ. ಹೊಸ ಕನ್ನಡಕ ಹಾಕಿಕೊಂಡವರು ಇನ್ನೂ ಏನೂ ಕಾಣಿಸುತ್ತಿಲ್ಲ ಎನ್ನುತ್ತಿದ್ದಾರೆ, ಹೀಗೇ ಆದರೆ ತಾನು ಕನ್ನಡಕದ ಬದಲು ಕೋಲು ಮಾರಬೇಕಾಗುತ್ತದೆ ಎಂದಷ್ಟೇ ಹೇಳಿದರು. ತಂಗಿ ನಾಚಿಕೊಂಡು ಬೂದಿಯ ಮೇಲೆ ನೀರು ಚಿಮುಕಿಸಿದಳು. ಹಾಗೆ ಮಾಡಿದ್ದು ತಪ್ಪೋ ಸರಿಯೋ ಕೇಳೋಣವೆಂದು ನಾನು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಂತೆ. ಕೌಂಟರಿನ ಗುಮಾಸ್ತರು ಪಾಪ, ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಆದೇಶವನ್ನು ಮತ್ತೊಮ್ಮೆ ಓದಿ, ತಲೆ ಕೆರೆದುಕೊಂಡು ಹೇಳಿದರು:

"ತಾತ, ನೀರು ಹಾಕಿದ್ರೆ ಯಥಾಸ್ಥಿತಿ ಹೋಯ್ತಲ್ಲ. ಒಣಗಿಸಿ ಮೊದಲಿದ್ದ ಹಾಗೇ ಹರಡಿಬಿಡಿ. ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ."

ಅವರು ಹೇಳಿದರೆಂದು ನಾನು ಎಲ್ಲೂ ಹೇಳುತ್ತಿಲ್ಲ, ತಮಗೆ ಮಾತ್ರ ಹೇಳುತ್ತಿದ್ದೇನೆ. ಬೂದಿಯನ್ನು ಒಣಗಿಸುವುದು ಹೇಗೆಂದು ತಿಳಿಯದೆ ತಂಗಿಯೂ ನಾನೂ ಬಾಗಿಲ ಎರಡೂ ಕಡೆ ಸ್ಟೂಲು ಹಾಕಿಕೊಂಡು, ಹಳೇ ರಟ್ಟುಗಳಿಂದ, ಹಾರದಷ್ಟು ಮೆಲ್ಲಗೆ ಮತ್ತು ಒಣಗುವಷ್ಟು ಜೋರಾಗಿ ಗಾಳಿ ಹಾಕಿದೆವು. ಬೀದಿಯವರು ಬೂದಿಗೆ ಸೆಕೆಯಾಯಿತೇ ಎಂದು ಕೇಳಿದರು.

ಸರ್ವೇಯರು ಬರದಿದ್ದರೂ ಪರಿಶೀಲನೆಯೇ ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬೀದಿಯ ಬೆಕ್ಕೊಂದು ಬಂದು ಅಂಗಡಿಯ ಒಂದೊಂದು ಮೂಲೆಗೂ ಹೋಗಿ, ಒಂದೊಂದು ಗುಡ್ಡೆಯನ್ನೂ ಮೂಸಿ ನೋಡಿ, ಡಬಲ್ ಹಾಸಿಗೆಯ ಬಳಿ ಬಹಳ ಹೊತ್ತು ಯೋಚಿಸಿ, ಅಲ್ಲೇ ಒಂದು ಗುಂಡಿ ತೋಡಿ, ತನ್ನ ವರದಿ ಸಲ್ಲಿಸಿ, ಅದರ ಮೇಲೆ ಬೂದಿ ಮುಚ್ಚಿ ಹೋಯಿತು. ತಮ್ಮ ಸಮಿತಿಯ ವರದಿ ಇನ್ನೂ ಬಂದಿಲ್ಲವಾದ್ದರಿಂದ ಎರಡನ್ನೂ ಹೋಲಿಸಿ ನೋಡುವ ಯೋಗ ನನಗಿನ್ನೂ ಒದಗಿಲ್ಲ.

ಮಾನ್ಯರೇ, ಇನ್ನು ನನ್ನ ಬಡ ಬೇಡಿಕೆಗಳು. ಆದೇಶದ ಪ್ರಕಾರ ನಮ್ಮ ಅಂಗಡಿ ಸುಟ್ಟಿಲ್ಲ. ಹಾಗಾದರೆ ಹಾಸಿಗೆಗಳೆಲ್ಲ ಹಾಗೇ ಇವೆಯೆಂದಾಯಿತು. ತಾವು ದಯಮಾಡಿಸಿ, ಕೋಟು ಬಿಚ್ಚಿ, ಆ ಡಬಲ್ ಹಾಸಿಗೆಯ ಮೇಲೆ ಒಮ್ಮೆ ಹೊರಳಾಡಿ, ಹೇಗಿದೆ ಎಂದು ಹೇಳಿ ಹೋಗಬೇಕು. ಬೆಕ್ಕಿನ ವರದಿ ಇರುವ ಕಡೆ ಸ್ವಲ್ಪ ನೋಡಿಕೊಂಡರೆ ಸಾಕು. ಸರ್ಕಾರ ನಿದ್ದೆ ಹೊಡೆಯುತ್ತಿದೆ ಎಂದು ಜನ ಬೈಯುವಾಗ ನಾನು ಅವರ ಬಾಯಿ ಮುಚ್ಚಿಸಿದ್ದೇನೆ. ಇಷ್ಟು ಗಾಢ ನಿದ್ದೆ ಕಂಡಕಂಡ ಹಾಸಿಗೆಯ ಮೇಲೆ ಬರುವಂಥದ್ದಲ್ಲ, ಅವರಿಗೆ ಹಾಸಿಗೆ ಹೊಲಿದುಕೊಟ್ಟವರು ಯಾರೆಂದು ನನ್ನ ತಂಗಿಯೇ ಅಸೂಯೆಪಡುತ್ತಾಳೆ.

ಎರಡನೆಯದು. ಕಂಪನಿಯನ್ನು ಮುಳುಗಿಸಿದ ದೊಡ್ಡ ದೊಡ್ಡ ಅಧಿಕಾರಿಗಳು ಬಿಟ್ಟು ಹೋಗಿಬಿಟ್ಟರೆ ಕೆಲಸ ನಿಂತೀತೆಂದು, ಅವರು ಹೋಗದ ಹಾಗೆ ವಿಶೇಷ ಭತ್ಯೆ ಕೊಟ್ಟು ಅದೇ ಕುರ್ಚಿಗಳಲ್ಲಿ ಉಳಿಸಿಕೊಂಡಿರಿ. ಮುಳುಗಿಸಿದವರಿಗೆ ತಾನೇ ಆಳ ಗೊತ್ತಿರುವುದು, ಎಂಥ ದೂರದೃಷ್ಟಿ. ಈ ನೀತಿಯನ್ನು ನಮ್ಮ ಅಂಗಡಿಗೂ ಅನ್ವಯಿಸಬೇಕೆಂದು ಕೋರುತ್ತೇನೆ. ಕಿಡಿ ಕಾರಿದ ಆ ವೈರಿನ ಒಂದು ಗೇಣು ತುಂಡು ಉಳಿದಿದೆ. ಅದನ್ನೇ ಅಂಗಡಿಯ ಮ್ಯಾನೇಜರಾಗಿ ನೇಮಿಸಿ, ಭತ್ಯೆ, ಕಾರು, ಕೂರಲು ತಣ್ಣನೆಯ ಕೋಣೆ ಒದಗಿಸಿಕೊಡಬೇಕು. ಅದಕ್ಕೆ ಅನುಭವ ಚೆನ್ನಾಗಿದೆ. ಮಾತು ಕಡಿಮೆ. ತಮ್ಮ ಅಧಿಕಾರಿಗಳಿಗಿಂತ ಒಂದು ಗುಣ ಹೆಚ್ಚೂ ಇದೆ, ಸುಡುವಾಗ ತಾನೂ ಸುಟ್ಟುಕೊಂಡಿತು.

ಮೂರನೆಯ ಬೇಡಿಕೆ ಏನೆಂದರೆ

ಕ್ಷಮಿಸಬೇಕು. ಪತ್ರ ಇಲ್ಲಿಗೆ ಬಂದಿತ್ತು, ಅಷ್ಟರಲ್ಲಿ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಆಮೇಲೆ ನಡೆದದ್ದರಿಂದ ಮೂರನೆಯ ಬೇಡಿಕೆ ಬೇಕಾಗಲಿಲ್ಲ. ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ಬಂದವಳು ಹಳೇ ಗಿರಾಕಿ. ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗ್ಗುಲು ಬದಲಿಸಲೂ ಆಗದೆ ಬೆನ್ನಲ್ಲಿ ಹುಣ್ಣಾಗಿದೆ. ಬೇರೆ ಅಂಗಡಿಯಿಂದ ತಂದದ್ದು ಗಟ್ಟಿ, ಎಲ್ಲೆಲ್ಲೋ ಗಂಟು, ಮುದುಕಿ ರಾತ್ರಿಯೆಲ್ಲ ನರಳುತ್ತಾಳೆ, ನೀವು ಹೊಲಿದ ಹಾಗೆ ಮೆತ್ತಗೆ ಒಂದು ಹೊಲಿದುಕೊಡಿ ಎಂದು ಕೇಳಿದಳು. ಒಳಗೆ ಇಣುಕಿ ನನ್ನ ಚೀಟಿಗಳನ್ನು ನೋಡಿದ ಮೇಲೆ ಅವಳ ದನಿ ಇಳಿಯಿತು. ತಂಗಿ ಎಂದಿನಂತೆ, ಸರ್ವೇಯರು ಬಂದು ಹೋಗಲಿ, ಮುಂದಿನ ವಾರ ನೋಡೋಣ ಎಂದಳು. ಆ ಹೆಂಗಸು ಕೋಪಮಾಡಿಕೊಳ್ಳಲಿಲ್ಲ. ಅಮ್ಮನಿಗೆ ಅಷ್ಟು ವಾರ ಇದೆಯೋ ಇಲ್ಲವೋ ಅಕ್ಕ ಎಂದು ಮೆಲ್ಲಗೆ ಹೇಳಿ ಹೊರಟಳು. ಅವಳು ಬೀದಿ ತಿರುವು ದಾಟುವ ತನಕ ತಂಗಿ ನೋಡುತ್ತಲೇ ಇದ್ದಳು. ಆಮೇಲೆ ಸ್ಟೂಲಿನಿಂದ ಎದ್ದಳು.

"ಅಣ್ಣ, ಪೊರಕೆ ಕೊಡು."

ಆದೇಶ ನೆನಪಿಸಿದೆ. ಇಷ್ಟು ದಿನ ಕಾದದ್ದೆಲ್ಲ ನೀರುಪಾಲಾಗುತ್ತದೆ, ಪರಿಹಾರದ ಹಕ್ಕು ಹೋಗುತ್ತದೆ, ಇನ್ನೊಂದು ಸಲ ಯೋಚಿಸು ಎಂದೆ. ಮಾನ್ಯರೇ, ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಸರ್ಕಾರದ ಪರ ಮಾತಾಡಿದ್ದೇನೆ, ದಯವಿಟ್ಟು ಗಮನಿಸಬೇಕು.

"ಅವರು ಬರಲಿ ಅಂತ ಇನ್ನೂ ಇಲ್ಲೇ ಕೂತ್ರೆ ನೀನು ನನಗೂ ಒಂದು ಚೀಟಿ ಅಂಟಿಸ್ಬೇಕಾಗುತ್ತೆ. ಕೊಡ್ತೀಯೋ, ನಾನೇ ತಗೊಳ್ಳಲೋ?"

ಕೊಟ್ಟೆ. ಗುಡಿಸಿದಳು. ಕನ್ನಡಕದವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಂದು ಬಕೆಟ್ಟಿನಲ್ಲಿ ನೀರು ತಂದರು. ಬರುವುದು ಬಿಟ್ಟಿದ್ದ ಹಿರಿಯ ಹೊಲಿಗೆಯವಳು ಯಾರು ಸುದ್ದಿ ಮುಟ್ಟಿಸಿದರೋ ಏನೋ, ತನ್ನ ಮನೆಯ ಮಿಷನ್ನನ್ನೇ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದಳು, ಊಟದ ಡಬ್ಬಿಯೂ ಜೊತೆಗಿತ್ತು. ಈ ಹೊತ್ತು ಅಂಗಡಿಯ ನೆಲದ ಬಣ್ಣ ಕಾಣುತ್ತಿದೆ. ನನಗೆ ಮರೆತೇಹೋಗಿತ್ತು, ಅದು ಕೆಂಪು. ಎರವಲು ತಂದ ಹತ್ತಿಯನ್ನು ತಂಗಿ ಕೈಯಲ್ಲೇ ಹಿಂಜುತ್ತಿದ್ದಾಳೆ, ಒಂದೊಂದೇ ಹಿಡಿ, ಗಂಟು ಉಳಿಯಬಾರದು ನೋಡಿ. ಸಂಜೆಯೊಳಗೆ ಮುದುಕಿಯ ಹಾಸಿಗೆ ಹೋಗಬೇಕು.

ಹೀಗೆ ನಾವು ತಮ್ಮ ಆದೇಶ ಮೀರಿ ನಮ್ಮ ಹಕ್ಕನ್ನು ನಾವೇ ಗುಡಿಸಿ ಹಾಕಿದ್ದೇವೆ. ಇನ್ನು ತಾವು ನಿರಾಳವಾಗಿ ಮಲಗಬಹುದು, ನಾವು ಎದ್ದಿದ್ದೇವೆ.

ತಮ್ಮ ಮೇಲೆ ಗುಡಿಸಿದ ಮೇಲೂ ಸಂದಿಯಲ್ಲಿ ಉಳಿದಷ್ಟು ವಿಶ್ವಾಸವಿರುವ,
ತಮ್ಮ ವಿಶ್ವಾಸಿ,
ಹಾಸಿಗೆ ಅಂಗಡಿಯವಳ ಅಣ್ಣ

ಪ್ರತಿ: ಬೀದಿಯವರು ಓದಿಕೊಳ್ಳಲಿ ಎಂದು ಅಂಗಡಿಯ ಶಟರ್ ಮೇಲೆ.

ಮರೆತಿದ್ದ ಮಾತು: ಗುಡಿಸಿದ ಬೂದಿಯನ್ನು ನಾವು ಎಸೆದಿಲ್ಲ. ಸರ್ಕಾರಿ ಬೂದಿಯನ್ನು ಎಸೆಯುವಷ್ಟು ಉದ್ಧಟರಲ್ಲ. ಒಳ್ಳೆಯ ಬಿಳಿ ಗವಸಿನಲ್ಲಿ ತುಂಬಿ, ತಮ್ಮ ಬೆನ್ನಿಗೆ ಆಸರೆಯಾಗಲೆಂದು ದಿಂಬು ಮಾಡಿ, ತಾವು ಸಭೆಯಲ್ಲಿದ್ದಾಗ ತಂದು ಕೊಟ್ಟಿದ್ದೇನೆ. ಗುಮಾಸ್ತರು 'ಯಥಾಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ' ಎಂದು ಬರೆದು, ಮೊಹರು ಹಾಕಿ, ಅದನ್ನು ತಮ್ಮ ಕುರ್ಚಿಯಲ್ಲೇ ಇಟ್ಟಿದ್ದಾರೆ. ಈ ಪತ್ರವನ್ನು ತಾವು ಅದಕ್ಕೆ ಒರಗಿಕೊಂಡೇ ಓದುತ್ತಿರಬಹುದು. ದಿಂಬಿನ ಮೂರು ಬದಿ ನನ್ನ ತಂಗಿ ಹೊಲಿದದ್ದು, ಜನ್ಮಕ್ಕೂ ಬಿಚ್ಚುವುದಿಲ್ಲ. ನಾಲ್ಕನೆಯದನ್ನು ನಾನು ಹೊಲಿದೆ, ನನಗೆ ಹೊಲಿಗೆ ಬರುವುದಿಲ್ಲ. ಅಕಸ್ಮಾತ್ ಕೋಣೆಯ ತುಂಬ ಏನಾದರೂ ಹರಡಿದರೆ, ಸರ್ವೇಯರು ಬರುವ ತನಕ ದಯವಿಟ್ಟು ಗುಡಿಸಬೇಡಿ.