ಆಲಿಸುವ ಕಲೆಯಲ್ಲಿ ನೂರಕ್ಕೆ ನೂರು

ಈ ಸಲ ಸೂಪರ್‌ವೈಸರ್ ಕುರ್ಚಿ ನನ್ನದೇ ಎಂದು ತೀರ್ಮಾನಿಸಿಬಿಟ್ಟಿದ್ದೆ! ಅಡ್ಡ ಬಂದದ್ದು ಒಂದು ಸರ್ಟಿಫಿಕೇಟು. "ಯಾರು ಏನು ಹೇಳಿದ್ರೂ ನಿಮ್ಮ ಕಿವಿಗೇ ಬೀಳಲ್ಲ. ಅದಕ್ಕೊಂದು ಕೋರ್ಸ್ ಮಾಡ್ಕೊಂಡು ಬನ್ನಿ, ಆಮೇಲೆ ಬಡ್ತಿ" ಎಂದಿದ್ದರು ಮ್ಯಾನೇಜರು. ನಮ್ಮ ಕೆಳಗಿನ ಮನೆಯಲ್ಲೇ ಇರುವ ಪುಣ್ಯಾತ್ಮರು. ಹುಡುಕಿದರೆ, ಯಾವುದೋ ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ಹಂಚುತ್ತಿತ್ತು: 'ಆಲಿಸುವ ಕಲೆ'!

ಅದರ ಗುಣಮಟ್ಟವನ್ನು ಏನೆಂದು ಹೊಗಳಲಿ! ಪುಸ್ತಕದ ಬೀರುವಿನ ಮುಂದೆ ಕೂತ ಪ್ರೊಫೆಸರು ಬೀರುವಿಗಿಂತ ಹೆಚ್ಚೇನೂ ಅಲುಗಾಡುತ್ತಿರಲಿಲ್ಲ. ಧ್ವನಿ ಬಂದ್ ಮಾಡಿ ದುಪ್ಪಟ್ಟು ವೇಗದಲ್ಲಿ ಓಡಿಸಿದೆ. ಪರೀಕ್ಷೆಯೋ, ಉತ್ತರ ತಪ್ಪಾದರೆ 'ಮತ್ತೊಮ್ಮೆ ಪ್ರಯತ್ನಿಸಿ' ಎಂದು ಗೋಗರೆಯುತ್ತಿತ್ತು. ಕಣ್ಣು ಮುಚ್ಚಿ 'ಮೇಲಿನ ಎಲ್ಲವೂ ಸರಿ' ಒತ್ತಿದೆ, ನೂರಕ್ಕೆ ನೂರು! ಪ್ರಬಂಧಗಳಿಗೆ ವಿದ್ಯಾರ್ಥಿಗಳೇ ಪರಸ್ಪರ ಅಂಕ ಹಾಕಬೇಕಂತೆ. ಓದುವ ಉಸಾಬರಿ ಯಾರಿಗೆ ಬೇಕು? ಎಲ್ಲರಿಗೂ 'ಅದ್ಭುತ!' ಎಂದು ಗೀಚಿದೆ. ಅವರೂ ನನಗೆ 'ಅದ್ಭುತ!' ಎಂದರು. ಥೂ, ಇದೂ ಒಂದು ವಿದ್ಯೆಯೇ!

ಉಳಿದದ್ದು ಕೊನೆಯ ಪ್ರಬಂಧ: 'ಮನೆಯಲ್ಲಿ ನಾನು ಆಲಿಸುವ ಬಗೆ'. ಬರೆಯಲು ಕೂತಾಗ ಹೆಂಡತಿ ಕೂಗಿದಳು.

"ರೀ, ಬಚ್ಚಲಲ್ಲಿ ನಲ್ಲಿ ಬಿಟ್ಟಿದೀನಿ. ತೂಬು ಬೇರೆ ಕಟ್ಕೊಂಡಿದೆ. ಬಕೆಟ್ ತುಂಬಿದ ತಕ್ಷಣ ನಿಲ್ಲಿಸಿ. ಅಂಗಡಿಗೆ ಹೋಗ್ಬರ್ತೀನಿ."

"ಹೂಂ, ಹೂಂ."

'ಹೆಂಡತಿಯ ಮಾತು ಮುಗಿಯುವ ಮೊದಲೇ ಎದ್ದು ಹೋಗಿ ನಲ್ಲಿ ನಿಲ್ಲಿಸುವವನು ನಾನು' ಎಂದು ಬರೆದೆ. ಆಹಾ, ಏನು ಶೈಲಿ! ಕಳಿಸಿ ಮೈಮುರಿದು ಕಾಲು ಕೆಳಗಿಟ್ಟರೆ, ಪಾದ ಮುಳುಗುವಷ್ಟು ನೀರು!

ಬಾಗಿಲು ದಬದಬ ಸದ್ದು ಮಾಡಿತು. ತೆರೆದರೆ ತೊಟ್ಟಿಕ್ಕುವ ದಿಂಬು ಹಿಡಿದ ಮ್ಯಾನೇಜರು.

"ನಮ್ಮ ಹಾಸಿಗೆ ಮೇಲೆ ಮಳೆ ಸುರೀತಿದೆ ಕಣ್ರೀ!"

ಹಿಂದೆಯೇ ಹೆಂಡತಿ, ಕೈಯಲ್ಲಿ ಮೊಬೈಲು. "ಏನ್ರೀ ಇದು, ನಿಮಗೆ ಅಂಕ ಹಾಕಿ ಅಂತ ನನಗೆ ಮೆಸೇಜ್ ಬಂದಿದೆ?"

ಕೋರ್ಸಿಗೆ ಸೇರುವಾಗ ಮನೆಯವರ ನಂಬರು ಕೇಳಿದ್ದು ಇದಕ್ಕೇನು! ಕೊನೆಯ ಅಂಕ ಹಾಕುವವರು ಮನೆಯವರೇ ಎಂದು ಪ್ರೊಫೆಸರು ಹೇಳಿದ್ದರೇನೋ. ನಾನು ಧ್ವನಿ ಬಂದ್ ಮಾಡಿದ್ದೆನಲ್ಲ!

ಅವಳು ನನ್ನ ಪ್ರಬಂಧವನ್ನು ಗಟ್ಟಿಯಾಗಿ ಓದಿದಳು. ಮ್ಯಾನೇಜರು ದಿಂಬು ಹಿಂಡುತ್ತಾ ಕೇಳಿದರು, "ಎಷ್ಟು ಹಾಕ್ತೀರಮ್ಮಾ?"

"ಸೊನ್ನೆ. ಹಾಕಿ ಆಯ್ತು."

ನನಗೆ ರೇಗಿತು. "ಇದ್ಯಾವ ಸೀಮೆ ಮೌಲ್ಯಮಾಪನ! ಓದಿದೋರು, ತಿಳಿದೋರು ಅಂಕ ಹಾಕ್ಬೇಕು! ಪುಕ್ಕಟೆ ಕೋರ್ಸ್ ಹಣೆಬರಹವೇ ಇಷ್ಟು! ನಾನು ಕುಲಪತಿಗಳಿಗೇ ಬರೀತೀನಿ, ಈ ಅನ್ಯಾಯ..."

ಭಾಷಣ ಮುಗಿಯುವವರೆಗೂ ಇಬ್ಬರೂ ತಾಳ್ಮೆಯಿಂದ ಆಲಿಸಿದರು. ಆಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು:

"ಬರೆಯೋರಂತೆ ರೀ. ನಲ್ಲಿ ಇನ್ನೂ ಸುರೀತಾನೇ ಇದೆ!"