ಕೂತರೆ ಕೋಪ ಬಾರದ ಅತ್ತೆ

ನಮ್ಮ ಸೋದರತ್ತೆಗೆ ಕೂತಲ್ಲಿ ಕೋಪ ಬರುವುದಿಲ್ಲ! ಯಾರನ್ನಾದರೂ ಬೈಯಬೇಕೆಂದರೆ ಮೊದಲು ಎದ್ದು, ಸೆರಗು ಸಿಕ್ಕಿಸಿ, ಅಂಗಳದಲ್ಲಿ ಬಿರುಸಾಗಿ ನಾಲ್ಕು ಸುತ್ತು ಹಾಕಬೇಕು. ಅಷ್ಟರಲ್ಲಿ ಬೈಸಿಕೊಳ್ಳಬೇಕಾದವರು ಬಸ್ಸು ಹತ್ತಿ ಶ್ರೀನಿವಾಸಪುರ ಸೇರಿರುತ್ತಾರೆ. ಇದೆಲ್ಲ ಶುರುವಾದದ್ದು ಕೋತಿಗಳಿಂದ.

ಎದೆಬಡಿತ ತೀರಾ ನಿಧಾನವಾಯಿತೆಂದು ಹೋದ ವರ್ಷ ಅವಳಿಗೆ ಪೇಸ್‌ಮೇಕರ್ ಹಾಕಿಸಿದ್ದೆವು. ವಯಸ್ಸಾದವಳು, ಕೂತು ಜಪ ಮಾಡುತ್ತಾಳೆ ಎಂದುಕೊಂಡು ಡಾಕ್ಟರು ಅದನ್ನು ಒಂದೇ ನಿಧಾನದ ಬಡಿತಕ್ಕೆ ಇಟ್ಟಿದ್ದರು. ಜಪವೇ? ಗೌನಿಪಲ್ಲಿಯ ಮಾವಿನ ತೋಟದಲ್ಲಿ ಕೋಲು ಹಿಡಿದು ಕೋತಿ ಅಟ್ಟುವ ಹೆಂಗಸು ಅವಳು! ಮೂರನೆಯ ಮರ ತಲುಪುವಷ್ಟರಲ್ಲಿ ಏದುಸಿರು ಬಂದು ಕುಸಿದಳು. ಕೋತಿಗಳೂ ನಿಂತು ನೋಡಿದವಂತೆ.

ಕೋಲಾರದ ಆಸ್ಪತ್ರೆಯಲ್ಲಿ ಆ ಮಿಷನ್ನು ಸರಿಹೊಂದಿಸುವ ಟೆಕ್ನಿಷಿಯನ್, "ಸ್ವಲ್ಪ ನಡೆದು ತೋರಿಸಿ ಅಮ್ಮಾ" ಅಂದರು. ಅತ್ತೆ ಇಲ್ಲದ ಕೋತಿಯನ್ನು "ಹಚಾ! ಹಚಾ!" ಎಂದು ಅಟ್ಟುತ್ತಾ ಕಾರಿಡಾರಿನುದ್ದಕ್ಕೂ ಓಡಿದಳು. ಗಾಲಿಕುರ್ಚಿಯಲ್ಲಿದ್ದ ತಾತನೊಬ್ಬ ಎದ್ದು ನಿಂತು ದಾರಿ ಬಿಟ್ಟ!

"ಇನ್ಮೇಲೆ ಮೈ ಅಲ್ಲಾಡಿದ್ರೆ ಬಡಿತ ತಾನೇ ಜಾಸ್ತಿ ಆಗುತ್ತಮ್ಮಾ" ಅಂದರು ಟೆಕ್ನಿಷಿಯನ್.

"ಕೂತಲ್ಲೇ ಕೋಪ ಬಂದ್ರೆ, ನಾಯನಾ?"

"ಅದು ಇದಕ್ಕೆ ಗೊತ್ತಾಗಲ್ಲ. ಅಲ್ಲಾಡಿದ್ರೆ ಮಾತ್ರ."

ಅತ್ತೆಯ ಮುಖ ಸಣ್ಣಗಾಯಿತು. ದಾರಿಯುದ್ದಕ್ಕೂ ಒಂದೇ ವರಾತ: "ಕೋಪಕ್ಕೂ ಹೊಡ್ಕೊಳ್ಳಲ್ಲ, ಭಯಕ್ಕೂ ಹೊಡ್ಕೊಳ್ಳಲ್ಲ ಅಂದ್ರೆ ನಾನೇನು ಮನುಷ್ಯಳೇನೇ, ಇಲ್ಲಾ ಕಲ್ಲಾ?" ನಾನು ನಕ್ಕೆ. ಅವಳಿಗೆ ಮಾತ್ರ ನಿಜವಾಗಿಯೂ ಹೆದರಿಕೆಯಾಗಿತ್ತು.

ಹಾಗಂತ ಸುಮ್ಮನಿರುವ ಪೈಕಿಯೇ? ಉಪಾಯ ಕಂಡುಹಿಡಿದಳು. ಧಾರಾವಾಹಿಯಲ್ಲಿ ಸೊಸೆ ಅತ್ತರೆ ಇವಳು ಟಿವಿ ಮುಂದೆ ನಿಂತು ಕುಣಿಯುವಳು, ದುಃಖ ಎದೆಗೆ ತಲುಪಲಿ ಎಂದು! ಮಾವಿನ ಮಂಡಿಯಲ್ಲಿ ವ್ಯಾಪಾರಿ ಸಾಬರು ಕಡಿಮೆ ಬೆಲೆ ಹೇಳಿದ್ದೇ ತಡ, ಕಾಯಿ ರಾಶಿಯ ಸುತ್ತ ಗಿರಗಿರನೆ ಸುತ್ತತೊಡಗಿದಳು.

"ಕೂತ್ಕೊಳ್ಳಿ ಅಮ್ಮಾ, ಆರಾಮಾಗಿ ಮಾತಾಡೋಣ."

"ಕೂತ್ರೆ ನಂಗೆ ಕೋಪ ಬರಲ್ಲ ಭಾಯಿ! ತಡ್ಕೊಳ್ಳಿ, ಬರ್ತಾ ಇದೆ!"

ನೋಡಿ ನೋಡಿ ತಲೆ ಸುತ್ತಿದ ಸಾಬರು ಬೆಲೆ ಏರಿಸಿದರು. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ಕುಲುಕಿದಾಗಲಂತೂ ಕೂತಲ್ಲೇ ಎದೆ ಓಡುತ್ತಿತ್ತು. "ಟಿಕೆಟ್ ಯಾಕಯ್ಯಾ? ಇಲ್ಲೀತಂಕ ಓಡ್ಕೊಂಡೇ ಬಂದಿದೀನಿ!" ಎಂದು ಕಂಡಕ್ಟರಿಗೇ ದಬಾಯಿಸಿದಳು.

ಕಳೆದ ತಿಂಗಳು ನನ್ನ ಅಪ್ಪನಿಗೆ, ಅಂದರೆ ಅವಳ ಒಬ್ಬನೇ ತಮ್ಮನಿಗೆ, ದೊಡ್ಡ ಆಪರೇಷನ್ ಆಯಿತು. ನಾವೆಲ್ಲ ಹೊರಗೆ ಬೆಂಚಿನ ಮೇಲೆ ಮುದುಡಿ ಕೂತಿದ್ದೆವು. ಅತ್ತೆ ಮಾತ್ರ ಆ ಬಾಗಿಲಿಂದ ಈ ಬಾಗಿಲಿಗೆ ನಡೆಯುತ್ತಲೇ ಇದ್ದಳು. ನರ್ಸ್ ಗದರಿದರೂ ಕೇಳಲಿಲ್ಲ.

"ಒಂದು ಗಳಿಗೆ ಕೂತ್ಕೋ ಅತ್ತೆ" ಎಂದು ರೇಗಿದೆ.

ಅವಳು ನಿಲ್ಲಲಿಲ್ಲ. "ಕೂತ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊಡ್ಕೊಳ್ತದೆ ಕಣೇ ಇದು. ಒಳಗೆ ಮಲಗಿರೋನು ನನ್ನ ತಮ್ಮ. ಅವನಿಗೋಸ್ಕರ ನನ್ನ ಎದೆ ಹೊಡ್ಕೋಬೇಡವಾ?"

ನನಗೆ ಅಳು ತಡೆಯಲಾಗಲಿಲ್ಲ. ಎದ್ದು ಅವಳ ಕೈ ಹಿಡಿದುಕೊಂಡು ಜೊತೆಗೆ ನಡೆಯತೊಡಗಿದೆ.