ಕೊಸರು ಪೆಟ್ರೋಲು

ಕೊಸರಿಲ್ಲದ ವ್ಯಾಪಾರ ನನಗೆ ವ್ಯಾಪಾರ ಅನ್ನಿಸುವುದೇ ಇಲ್ಲ. ಸೊಪ್ಪಿನವಳು ಕಟ್ಟು ಕೊಟ್ಟಮೇಲೆ ಎರಡು ಎಸಳು ಕೊತ್ತಂಬರಿ ಮೇಲೆ ಹಾಕಬೇಕು, ಹೂವಿನವಳು ಮೊಳ ಅಳೆದಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಬೇಕು. ಇಲ್ಲದಿದ್ದರೆ ಚೀಲ ಹಿಡಿದು ಅಲ್ಲೇ ನಿಲ್ಲುತ್ತೇನೆ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು. ಕ್ಲಾಸಿನಲ್ಲಿ ಅಳತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸಂತೆಯಲ್ಲಿ ಮಾತ್ರ ಅಳತೆ ಮುಗಿದಮೇಲೆಯೇ ನನ್ನ ಬಾಯಿ ತೆರೆಯುವುದು. ಈ ಚಾಳಿ ಯಾವಾಗಲೋ ಪೆಟ್ರೋಲ್ ಬಂಕಿಗೂ ಬಂದುಬಿಟ್ಟಿತು. ಟ್ಯಾಂಕು ತುಂಬಿದೊಡನೆ ಪೈಪು 'ಟಕ್' ಎಂದು ತಾನೇ ನಿಲ್ಲುತ್ತದಲ್ಲ, ಆಗ ಕಿಟಕಿಯಿಂದ ತಲೆ ಹೊರಹಾಕಿ "ಇನ್ನೊಂದ್ ಸ್ವಲ್ಪ ಹಿಡೀರಿ" ಎನ್ನುತ್ತೇನೆ. ಈ ಕೊಸರಿಗೆ ದುಡ್ಡು ಕೊಡುವವಳೂ ನಾನೇ ಎಂಬುದು ಗೊತ್ತಿಲ್ಲದೆ ಏನಿಲ್ಲ. ಆದರೂ ಕುತ್ತಿಗೆಮಟ್ಟ ತುಂಬಿಸಿಕೊಂಡು ಹೊರಟರೆ ಅದೊಂದು ಸಮಾಧಾನ.

ನಮ್ಮದು ಏಳು ಸೀಟಿನ ದೊಡ್ಡ ಗಾಡಿ. ಯಜಮಾನರಿಗೆ ಬೈಕೇ ಪ್ರಾಣ, ಹಾಗಾಗಿ ಸ್ಟೇರಿಂಗು ನನ್ನ ಪಾಲಿಗೆ ಬಂದಿದೆ, ಪಕ್ಕದ ಸೀಟು ಅತ್ತೆಯ ಪಾಲಿಗೆ. ಅತ್ತೆಯ ತಂಗಿ ಇರುವುದು ಧರ್ಮಪುರದಲ್ಲಿ. ದುರ್ಗ, ಹಿರಿಯೂರು ದಾಟಿ ಅಲ್ಲಿಗೆ ಹೋಗುವ ಖುಷಿಗೇ ಅತ್ತೆ ಹೊಸ ಸೀರೆ ಉಡುತ್ತಾರೆ. "ನಮ್ ಸೊಸೆ ಗಾಡಿ ಹೊಡೆದ್ರೆ ಹೊಟ್ಟ್ಯಾಗಿನ ನೀರು ಅಲುಗಾಡಲ್ಲ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ನನ್ನ ಸಾರಿಗಾಗಲಿ ರಂಗೋಲಿಗಾಗಲಿ ಸಿಗದಿದ್ದ ಸರ್ಟಿಫಿಕೇಟು ಅದು. ಹಾಗಿರುವಾಗ ಗಾಡಿಯೊಳಗೆ ಪೆಟ್ರೋಲ್ ವಾಸನೆ ಶುರುವಾಯಿತು. ಮೀಟರಿನ ಪಕ್ಕ ಇಂಜಿನ್ನಿನ ಹಳದಿ ದೀಪವೂ ಹೊತ್ತಿಕೊಂಡಿತು. ಯಜಮಾನರು ಮಲ್ಲಿಗೆ ಸೆಂಟಿನ ಬಾಟಲಿ ತಂದು ತೂಗುಹಾಕಿದರು. ಪೆಟ್ರೋಲಿಗೆ ಮಲ್ಲಿಗೆ ಸೇರಿ ಹುಟ್ಟಿದ ಆ ಮೂರನೆಯ ವಾಸನೆಗೆ ಇನ್ನೂ ಹೆಸರಿಟ್ಟಿಲ್ಲ. ಹಿರಿಯೂರು ಇನ್ನೂ ದೂರವಿರುವಾಗಲೇ ಅತ್ತೆ ಗಾಡಿ ನಿಲ್ಲಿಸಲು ಕೈಸನ್ನೆ ಮಾಡಿದರು. ಹೊಟ್ಟೆಯ ನೀರಿನ ಜೊತೆಗೆ ಬೆಳಗಿನ ಇಡ್ಲಿಯೂ ರಸ್ತೆ ಪಕ್ಕಕ್ಕೆ ಬಂತು.

"ಇನ್ಮ್ಯಾಲೆ ಬಸ್ಸಿಗೇ ಹೋಗ್ತೀನವ್ವ. ನಿನ್ ತಪ್ಪೇನಿಲ್ಲ ಬಿಡು" ಎಂದರು ಬಾಯಿ ಒರೆಸಿಕೊಳ್ಳುತ್ತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ನಿನ್ನ ತಪ್ಪಿಲ್ಲ ಅಂದದ್ದು ಚುಚ್ಚಿತು. ಮುಂದಿನ ಸಲ ನಿಜವಾಗಿಯೂ ಬಸ್ಸು ಹತ್ತಿದರು. ಅವರನ್ನು ಸ್ಟ್ಯಾಂಡಿಗೆ ಬಿಟ್ಟು, ಖಾಲಿ ಸೀಟು ಪಕ್ಕಕ್ಕಿಟ್ಟುಕೊಂಡು ಮನೆಗೆ ಬರುವಾಗ ನನಗೆ ಬಹಳ ಬೇಜಾರಾಯಿತು. ಅವರನ್ನು ಮತ್ತೆ ಆ ಸೀಟಿಗೆ ಕೂರಿಸದೆ ಬಿಡುವುದಿಲ್ಲ ಎಂದುಕೊಂಡೆ.

ದುರ್ಗದಲ್ಲಿ ನಮ್ಮ ಗಾಡಿ ನೋಡುವವನು ರುದ್ರಣ್ಣ. "ಬರ್ರಿ ಮೇಡಂ, ಕುಂತ್ಕಳ್ರಿ" ಎಂದು ಕುರ್ಚಿ ಕೊಟ್ಟ. ಗಾಡಿಯ ಬಾನೆಟ್ಟು ಎತ್ತುವ ಮೊದಲೇ ರೋಗ ಹೇಳುವುದು ಅವನ ಹೆಮ್ಮೆ. ಟ್ಯಾಂಕಿನ ಮುಚ್ಚಳದ್ದೇ ತೊಂದರೆ ಎಂದು ಹೊಸ ಮುಚ್ಚಳ ಹಾಕಿದ. ದೀಪ ಆರಿ, ಮತ್ತೆ ಹೊತ್ತಿತು. ಪೈಪು ಎಲ್ಲೋ ಸೀಳಿರಬೇಕೆಂದು ಹೊಗೆ ಬಿಟ್ಟು ನೋಡಿದ. ಹೊಗೆ ಎಲ್ಲಿಂದಲೂ ಬರಲಿಲ್ಲ. ಅವನ ಮುಖ ಸಣ್ಣದಾಯಿತು. ಕೊನೆಗೆ ಗಾಡಿಯ ಹಿಂಭಾಗದ ಅಡಿಗೆ ನುಗ್ಗಿ ಒಂದು ಕಪ್ಪು ಡಬ್ಬಿ ಬಿಚ್ಚಿಕೊಂಡು ಬಂದ.

"ಟ್ಯಾಂಕಿನಾಗೆ ಪೆಟ್ರೋಲು ಆವಿ ಆಗ್ತತಲ್ಲ, ಅದು ಹೊರಗೆ ಹೋಗಬಾರ್ದು ಅಂತ ಈ ಡಬ್ಬ್ಯಾಗೆ ಇದ್ಲು ತುಂಬಿರ್ತಾರೆ ಮೇಡಂ. ಇದ್ಲು ಆವಿ ಹಿಡ್ಕಂತತೆ, ಆಮ್ಯಾಲೆ ಇಂಜಿನ್ನು ಎಳ್ಕಂಡು ಸುಡ್ತತೆ" ಎಂದು ಡಬ್ಬಿ ಬಗ್ಗಿಸಿದ. ಆವಿ ಇರಬೇಕಾದ ಕಡೆಯಿಂದ ಪೆಟ್ರೋಲೇ ತೊಟ್ಟಿಕ್ಕಿತು. "ಬಂಕಿನಾಗೆ ಟಕ್ ಅಂದಮ್ಯಾಲೂ ಹಾಕಿಸ್ತೀರಾ?"

"ಯಾವಾಗ್ಲೋ ಒಂದ್ಸಲ" ಎಂದೆ. ಇದ್ದಿಲು ವಾಸನೆ ಹೀರುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವಳಿಗೆ, ಆ ಇದ್ದಿಲಿಗೆ ಕೊಸರು ಕುಡಿಸಿ ಕೆಡಿಸಿದವಳು ನಾನೇ ಎಂದು ಅವನ ಮುಂದೆ ಒಪ್ಪಿಕೊಳ್ಳುವ ಧೈರ್ಯವಾಗಲಿಲ್ಲ.

ಹೊಸ ಡಬ್ಬಿ ಹಾಕಿಸಿ ಮನೆಗೆ ಬಂದು, "ಅತ್ತೆ, ವಾಸನೆ ಹೋಯ್ತು, ಹೊಸ ಇದ್ದಿಲು ಹಾಕಿಸಿದೀನಿ" ಎಂದೆ. ಎಡವಿದ್ದು ಇಲ್ಲೇ.

"ಇದ್ಲಾ? ಪೆಟ್ರೋಲ್ ಪಕ್ಕದಾಗಾ?" ಅತ್ತೆ ಕೂತಲ್ಲೇ ಹಿಂದೆ ಸರಿದರು. "ನಿಮ್ ಮಾವ ಒಲೆ ಹತ್ರ ಸೀಮೆಎಣ್ಣೆ ಡಬ್ಬ ಇಡಾಕೇ ಬಿಡ್ತಿರ್ಲಿಲ್ಲ. ಏನಂತ ಓದ್ಕಂಡಿದೀಯವ್ವ ನೀನು?"

ಅದು ಕೆಂಡವಲ್ಲ, ಬರೀ ಇದ್ದಿಲು ಎಂದೆ. ಚಿತ್ರ ಬರೆದೆ. ಬಾಣದ ಗುರುತು ಹಾಕಿ ಆವಿ ಹೋಗುವ ದಾರಿ ತೋರಿಸಿದೆ. ನನ್ನ ಹತ್ತನೇ ಕ್ಲಾಸಿನ ಮಕ್ಕಳ ಹಾಗೆಯೇ ಅತ್ತೆಯೂ ಗಂಭೀರವಾಗಿ ತಲೆಯಾಡಿಸಿ, ಏನೂ ಒಪ್ಪಿಕೊಳ್ಳದೆ ಎದ್ದುಹೋದರು. ಮತ್ತೆ ಧರ್ಮಪುರಕ್ಕೆ ಹೋಗುವ ದಿನ ಬಂದಾಗಲೂ ಬಸ್ಸಿಗೆಂದೇ ಬುತ್ತಿ ಕಟ್ಟುತ್ತಿದ್ದರು. ರೊಟ್ಟಿ, ಶೇಂಗಾ ಚಟ್ನಿ ಇಟ್ಟು, ಎಲ್ಲದರ ಮೇಲೆ ಒಂದು ಒಣಮೆಣಸಿನಕಾಯಿ, ಒಂದು ಚೂರು ಇದ್ದಿಲು ಇಟ್ಟರು.

"ಅದ್ಯಾಕೆ ಅತ್ತೆ, ಬುತ್ತಿಗೆ ಇದ್ದಿಲು?"

"ದಾರ್ಯಾಗೆ ದಿಷ್ಟಿ ತಗಲಬಾರ್ದು ಅಂತ. ಕೆಟ್ಟದ್ದೇನಿದ್ರೂ ಅದೇ ಎಳ್ಕಂತತೆ."

"ಗಾಡಿಗೂ ಅದಕ್ಕೇ ಇಟ್ಟಿರೋದು. ಕೆಟ್ಟದ್ದನ್ನ ಎಳ್ಕಳಕ್ಕೆ."

ಅತ್ತೆ ಗಂಟು ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಹಂಗಂತ ಮೊದ್ಲೇ ಹೇಳಬಾರ್ದಾ? ಗಾಡಿ ಮಾಡಿದೋರು ತಿಳಿದೋರು ಅವ್ರೆ. ನಡಿ, ಹೋಗಾಣ."

ಹಿರಿಯೂರು ದಾಟುವಾಗ ಅತ್ತೆ ನನ್ನ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ನನಗೆ ಹಾಡು ಹೇಳಬೇಕೆನ್ನಿಸುವಷ್ಟು ಖುಷಿಯಾಗಿತ್ತು. ಧರ್ಮಪುರದಲ್ಲಿ ಚಿಕ್ಕತ್ತೆಯ ಮನೆ ಜಗಲಿಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿದರು. ಅತ್ತೆ ಶುರುಮಾಡಿದರು: "ನಮ್ ಗಾಡಿಗೆ ದಿಷ್ಟಿ ಆಗಿತ್ತು. ನಮ್ ಸೊಸೆ ಸೈನ್ಸ್ ಟೀಚರ್ರು ನೋಡ್ರಿ, ಕಂಡುಹಿಡಿದು, ದುರ್ಗಕ್ಕೆ ಹೋಗಿ ಇದ್ಲು ಕಟ್ಟಿಸ್ಕಂಡು ಬಂದ್ಲು."

ಮೊನ್ನೆಯಷ್ಟೇ ಟ್ರ್ಯಾಕ್ಟರ್ ಕೊಂಡಿದ್ದ ಪಕ್ಕದ ಮನೆಯವರು ಭಕ್ತಿಯಿಂದ ಮುಂದೆ ಬಂದರು. "ಯಾವ ಕಡೆ ಕಟ್ಟಬೇಕು ಟೀಚರಮ್ಮ?"

ಇದು ದೃಷ್ಟಿಯ ವಿಷಯವಲ್ಲ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ಹೊಸ ಸೀರೆಯ ಸೆರಗು ಸರಿಮಾಡಿಕೊಂಡು, ಇಡೀ ಜಗಲಿಗೆ ನನ್ನನ್ನು ತೋರಿಸುತ್ತ ಕೂತಿದ್ದರು.

"ಹಿಂದಿನ ಚಕ್ರದ ಹತ್ರ, ಒಳಗಡೆ" ಎಂದೆ.